ರಕ್ತ ಒಯ್ದವರು ಉತ್ತರ ತಂದರೇ?

(ಸಾಗರದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಅಲ್ಲಲ್ಲಿ ಹಾದಿ ತಪ್ಪಿದ್ದೆ. ಬರೆಯುವಾಗ ಸ್ವಲ್ಪ ಸರಿಮಾಡಿದ್ದೇನೆ, ಪೂರ್ತಿ ಸರಿಮಾಡಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ ಒಂದು ‘ಡಾ.’ ಸೇರಿಕೊಂಡಿದೆ. ಅದು ಪ್ರೆಸ್ಸಿನವರ ಪ್ರೀತಿ. ನಾನು ಲ್ಯಾಬ್ ಟೆಕ್ನಿಷಿಯನ್. ಸಾಗರ, ಹೊಸನಗರ, ಸೊರಬದ ಕಡೆ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಸೂಜಿ ಚುಚ್ಚುವುದು, ರಕ್ತ ತೆಗೆಯುವುದು, ಚೀಟಿ ಅಂಟಿಸುವುದು, ಕಳಿಸುವುದು. ಕಳಿಸಿದರೆ ನನ್ನ ಕೆಲಸ ಮುಗಿಯಿತು ಅಂತ ಬಹಳ ವರ್ಷ ಅಂದುಕೊಂಡಿದ್ದೆ.

‘ಆಧುನಿಕ ಸಮಾಜದಲ್ಲಿ ಆರೋಗ್ಯ ಮತ್ತು ವೈದ್ಯಕೀಯ ನೀತಿ’ ಅಂತ ವಿಷಯ ಕೊಟ್ಟಿದ್ದೀರಿ. ದೊಡ್ಡ ವಿಷಯ. ನನಗೆ ಅಷ್ಟು ದೊಡ್ಡದು ಬರುವುದಿಲ್ಲ. ಒಂದು ಮನೆಯ ಜಗಲಿಯಿಂದ ಶುರು ಮಾಡುತ್ತೇನೆ, ಎಲ್ಲಿಗೆ ಹೋಗುತ್ತದೋ ನೋಡೋಣ.

1993ರ ಫೆಬ್ರವರಿ. ಹೊಸನಗರದ ಕಡೆಯ ಒಂದು ಹಳ್ಳಿ, ಊರಿನ ಹೆಸರು ಬೇಡ. ಬಸ್ ಇಳಿದು ನಾಲ್ಕು ಕಿಲೋಮೀಟರ್ ನಡೆಯಬೇಕು. ಮಧ್ಯೆ ಎರಡು ಹಳ್ಳ, ಒಂದಕ್ಕೆ ಮಾತ್ರ ಸಂಕ. ಆ ಮನೆಯ ಯಜಮಾನಿಗೆ ಐದು ದಿನದಿಂದ ಜ್ವರ. ಜಗಲಿಯಲ್ಲಿ ಚಾಪೆ ಹಾಕಿ ಮಲಗಿಸಿದ್ದರು. ಕಣ್ಣು ಕೆಂಡದ ಹಾಗಿತ್ತು. ಸೊಂಟ ನೋವು, ಮೀನಖಂಡದ ನೋವು, ಹೊರಳಾಡುತ್ತಿದ್ದರು. ಒಸಡಿನಲ್ಲಿ ಸಣ್ಣಗೆ ರಕ್ತ. ಆಗ ಗಾಜಿನ ಸಿರಿಂಜು, ಬೆಳಿಗ್ಗೆ ಕುದಿಸಿ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿದ್ದೆ. ರಕ್ತ ತೆಗೆದು ಥರ್ಮಾಸಿನೊಳಗೆ ಇಟ್ಟೆ. ಥರ್ಮಾಸಿನಲ್ಲಿ ಇದ್ದದ್ದು ಐಸ್‌ಕ್ಯಾಂಡಿ ಅಂಗಡಿಯಿಂದ ತಂದ ಮಂಜುಗಡ್ಡೆ. ಅದು ಕರಗುವುದರೊಳಗೆ ವಾಪಸ್ ಮುಟ್ಟಬೇಕು. ಹಾಗಾಗಿ ಅವರ ಹತ್ತಿರ ನಾಲ್ಕು ಮಾತು ಆಡಲಿಕ್ಕೂ ನಿಲ್ಲಲಿಲ್ಲ. ‘ಶಿವಮೊಗ್ಗಕ್ಕೆ ಕಳಿಸ್ತೀವಿ’ ಅಂದೆ, ಹೊರಟೆ.

ಅವರು ಉಳಿದರು. ದೇವರು ದೊಡ್ಡವನು.

ಅದೇ ವರ್ಷ ಮಳೆಗಾಲ ಕಳೆದ ಮೇಲೆ ಮಂಗನ ಕಾಯಿಲೆಯ ಲಸಿಕೆ ಹಾಕಲು ಅದೇ ಊರಿಗೆ ಹೋದೆವು. ಅದೇ ಜಗಲಿ. ಬೆಲ್ಲ, ನೀರು ಕೊಟ್ಟರು. ನಾನು ಕುಡಿಯುವ ತನಕ ಸುಮ್ಮನಿದ್ದು ಆಮೇಲೆ ಕೇಳಿದರು. ‘ಅಲ್ಲ ತಮ್ಮಾ, ಅವತ್ತು ನನ್ ರಕ್ತ ತಗಂಡ್ ಹೋದ್ಯಲ್ಲ, ಅದ್ರಲ್ಲಿ ಏನ್ ಸಿಕ್ತು?’

ನಾನು ‘ಇನ್ನೂ ವರದಿ ಬಂದಿಲ್ಲ ಅಮ್ಮಾ’ ಅಂದೆ.

ಸುಳ್ಳು. ವರದಿ ಬಂದಿತ್ತು. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ‘ಪಾಸಿಟಿವ್’ ಅಂತ ಬರೆದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಆ ಸಾಲು ತಾಲ್ಲೂಕಿಗೆ ಹೋಯಿತು, ಜಿಲ್ಲೆಗೆ ಹೋಯಿತು, ಬೆಂಗಳೂರಿಗೆ ಹೋಯಿತು. ಆ ಜಗಲಿಗೆ ಹೋಗಲಿಲ್ಲ. ಹೇಳಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಬಾರದು ಅಂತಲೂ ಹೇಳಿರಲಿಲ್ಲ. ಎಂಟು ತಿಂಗಳಾದ ಮೇಲೆ ‘ಬಂದಿದೆ, ಹೇಳೋದು ಮರೆತೆವು’ ಅನ್ನಲು ನಾಚಿಕೆಯಾಯಿತು, ಅಷ್ಟೇ.

ಅವರು ನನ್ನನ್ನು ನಂಬಿದರು. ‘ಹೌದಾ, ಬಂದ್ಮೇಲೆ ಹೇಳು. ಚೌಡಿ ಕಾಟನೋ, ಮಂಗನ ಕಾಯ್ಲೆನೋ ಗೊತ್ತಾಗ್ದೆ ಎರಡಕ್ಕೂ ದುಡ್ಡು ಹಾಕಿದೀವಿ’ ಅಂದು ನಕ್ಕರು. ಆಮೇಲೆ ನಾನು ಅವರ ತೋಳಿಗೆ ಲಸಿಕೆ ಚುಚ್ಚಿದೆ. ಆ ಲಸಿಕೆಯ ನೋವು ಗೊತ್ತಿದ್ದವರಿಗೆ ಗೊತ್ತು, ಎರಡು ದಿನ ತೋಳು ಎತ್ತಲು ಆಗುತ್ತಿರಲಿಲ್ಲ. ಮಂಗನ ಕಾಯಿಲೆ ಒಮ್ಮೆ ಬಂದು ಹೋದವರ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ತಾನಾಗೇ ಬೆಳೆದಿರುತ್ತದೆ. ವರದಿ ಹೇಳಿದ್ದರೆ ಆ ನೋವು ಬೇಕೋ ಬೇಡವೋ ಅಂತ ಅವರು ಕೇಳಬಹುದಿತ್ತು. ನಾನೂ ಡಾಕ್ಟರನ್ನು ಕೇಳಬಹುದಿತ್ತು.

ವೈದ್ಯಕೀಯ ನೀತಿ ಅಂದ ತಕ್ಷಣ ನನಗೆ ನೆನಪಾಗುವುದು ಈ ಬೆಲ್ಲ, ನೀರು. ಇರಲಿ, ಈಗ ಸ್ವಲ್ಪ ಚರಿತ್ರೆ ನೋಡೋಣ.

ಮಂಗನ ಕಾಯಿಲೆಯ ಕಥೆ ಇಲ್ಲಿಂದ ದೂರದ್ದಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. 1957ರಲ್ಲಿ ಅಲ್ಲಿ ಮಂಗಗಳು ಸಾಯಲು ಶುರುವಾದವು. ಕಪ್ಪು ಮೋರೆಯ ಮುಸಿಯ, ಕೆಂಪು ಮೋರೆಯ ಕೋತಿ, ಎರಡೂ. ಸುತ್ತಲ ಊರಿನ ಜನಕ್ಕೂ ಜ್ವರ. ಪುಣೆಯಲ್ಲಿ ಆಗಷ್ಟೇ ಐದು ವರ್ಷದ ಹಿಂದೆ ವೈರಸ್ ಸಂಶೋಧನಾ ಕೇಂದ್ರ ಶುರುವಾಗಿತ್ತು, ಅಮೆರಿಕದ ರಾಕ್‌ಫೆಲರ್ ಫೌಂಡೇಷನ್ ಜೊತೆಗೂಡಿ. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅಂದರೆ ಅದೇ. ಅಲ್ಲಿಂದ ವಿಜ್ಞಾನಿಗಳು ಓಡಿ ಬಂದರು. ಓಡಿ ಬರಲು ಕಾರಣ ಇತ್ತು. ಮಂಗಗಳು ಹೀಗೆ ಸಾಲಾಗಿ ಸಾಯುವುದು ಹಳದಿ ಜ್ವರದ ಲಕ್ಷಣ. ದಕ್ಷಿಣ ಅಮೆರಿಕದಲ್ಲಿ, ಆಫ್ರಿಕಾದಲ್ಲಿ ಇರುವ ಆ ಜ್ವರ ಭಾರತಕ್ಕೆ ಕಾಲಿಟ್ಟಿತೇ ಅಂತ ಹೆದರಿಕೆ.

ನೋಡಿದರೆ ಅದು ಬೇರೆಯೇ. ರಷ್ಯಾದ ಕಡೆ ಉಣುಗಿನಿಂದ ಬರುವ ಒಂದು ಮಿದುಳು ಜ್ವರ ಇದೆ, ಅದರ ಸಂಬಂಧಿಕ. ರಷ್ಯಾದ ಕಾಯಿಲೆಯ ನೆಂಟ ಸೊರಬಕ್ಕೆ ಹೇಗೆ ಬಂದ? ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳು ಹೊತ್ತು ತಂದವೇ? ಪಕ್ಷಿ ತಜ್ಞ ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದರೆ ಬಿಎನ್‌ಎಚ್‌ಎಸ್‌ನವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಟ್ಟದ್ದರ ಹಿಂದೆ ಈ ಅನುಮಾನವೂ ಇತ್ತು. ನಮ್ಮ ಕಾಡಿನ ಜ್ವರದಿಂದ ಭಾರತದ ಹಕ್ಕಿಗಳ ಹಾದಿ ತಿಳಿಯಿತು ನೋಡಿ. ಹಕ್ಕಿಗಳ ತಪ್ಪೇನೂ ಸಿಗಲಿಲ್ಲ.

ಮಂಗಗಳದ್ದೂ ತಪ್ಪಿಲ್ಲ. ಇದನ್ನು ನೀವು ಮನೆಮನೆಗೆ ಹೋದಾಗ ಹೇಳಬೇಕು. ಕಾಯಿಲೆ ತರುವುದು ಉಣುಗು, ಕೆಲವು ಕಡೆ ಉಣ್ಣೆ ಅನ್ನುತ್ತಾರೆ. ಅದರಲ್ಲೂ ಮರಿ ಉಣುಗು. ಎಳ್ಳುಕಾಳಿಗಿಂತ ಚಿಕ್ಕದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮಳೆ ನಿಂತ ಮೇಲೆ ನವೆಂಬರ್, ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವ ತನಕ ಇವುಗಳ ಕಾಲ. ಕಾಡಿನ ಇಲಿ, ಸುಂಡಿಲಿಗಳಲ್ಲಿ ವೈರಸ್ ಸದ್ದಿಲ್ಲದೆ ಓಡಾಡಿಕೊಂಡಿರುತ್ತದೆ. ದನಗಳಿಗೆ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣುಗು ರಕ್ತ ಕುಡಿದು ಸಾವಿರಾರು ಮೊಟ್ಟೆ ಇಡಲು ದನ ಬೇಕು. ಮಂಗ ನಮ್ಮ ಹಾಗೇ ಕಾಯಿಲೆ ಬಿದ್ದು ಸಾಯುತ್ತದೆ. ಸತ್ತ ಮಂಗದ ಮೈ ತಣ್ಣಗಾದಾಗ ಅದರ ಮೇಲಿದ್ದ ಉಣುಗುಗಳೆಲ್ಲ ಇಳಿದು ಸುತ್ತ ಹರಡುತ್ತವೆ. ಅದಕ್ಕೇ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ತಿಳಿಸಿ ಅನ್ನುವುದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಹೆಣ ಮುಟ್ಟಲು ಹೆದರಿದವರನ್ನು, ಪಾತ್ರೆ ಬೇರೆ ಮಾಡಿದವರನ್ನು ನಾನು ನೋಡಿದ್ದೇನೆ. ಸುಮ್ನೆ ಕಷ್ಟ.

ಹೆಸರಿನ ವಿಷಯ ಬಂತಲ್ಲ, ಒಂದು ತಮಾಷೆ ಹೇಳುತ್ತೇನೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಕಾಯಿಲೆಗಳಿಗೆ ಹೆಸರಿಡುವ ಬಗ್ಗೆ ಸಲಹೆ ಕೊಟ್ಟಿತು. ಊರಿನ ಹೆಸರು ಇಡಬೇಡಿ, ಪ್ರಾಣಿಯ ಹೆಸರು ಇಡಬೇಡಿ ಅಂತ. 2022ರಲ್ಲಿ ಮಂಕಿಪಾಕ್ಸ್ ಅನ್ನು ‘ಎಂಪಾಕ್ಸ್’ ಮಾಡಿದ್ದು ಈ ಕಾರಣಕ್ಕೇ. ನಮ್ಮ ಕಾಯಿಲೆಗೆ ಇಂಗ್ಲಿಷಿನಲ್ಲಿ ಊರಿನ ಹೆಸರು (ಕ್ಯಾಸನೂರು ಫಾರೆಸ್ಟ್ ಡಿಸೀಸ್), ಕನ್ನಡದಲ್ಲಿ ಪ್ರಾಣಿಯ ಹೆಸರು. ಎರಡೂ ತಪ್ಪನ್ನು ಒಟ್ಟಿಗೇ ಮಾಡಿಕೊಂಡು ಕೂತಿದ್ದೇವೆ. ಕ್ಯಾಸನೂರಿನವರು ತಮ್ಮ ಊರು ಯಾವುದು ಅಂತ ಹೇಳಿದರೆ ಓದಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಅಲ್ವಾ? ‘ಉಣುಗಿನ ಜ್ವರ’ ಅಂದಿದ್ದರೆ ಅರ್ಧ ಆರೋಗ್ಯ ಶಿಕ್ಷಣ ಹೆಸರಿನಲ್ಲೇ ಮುಗಿಯುತ್ತಿತ್ತು. ಈಗ ಬದಲಾಗುವುದಿಲ್ಲ ಬಿಡಿ, ನನ್ನ ಬಾಯಲ್ಲೂ ಮಂಗನ ಕಾಯಿಲೆ ಅಂತಲೇ ಬರುತ್ತದೆ.

ಈಗ ಲಸಿಕೆಯ ವಿಷಯ. ಇದರಲ್ಲಿ ನನ್ನದೂ ಪಾಲಿದೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಶುರುವಿನ ವರ್ಷಗಳಲ್ಲಿ, ರಷ್ಯಾದ ಆ ನೆಂಟನಿಗೆ ಮಾಡಿದ್ದ ಲಸಿಕೆಯನ್ನೇ ಇಲ್ಲಿನ ಜನಕ್ಕೆ ಹಾಕಿ ನೋಡಿದರು. ಪ್ರಯೋಜನ ಆಗಲಿಲ್ಲ. ಆಮೇಲೆ ನಮ್ಮದೇ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ಲಸಿಕೆ ಮಾಡಿದರು. 1990ರ ಸುಮಾರಿನಿಂದ ನಮ್ಮ ಕೈಗೆ ಬಂತು. ತಿಂಗಳ ಅಂತರದಲ್ಲಿ ಎರಡು ಡೋಸ್. ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್. ಆಮೇಲೂ ವರ್ಷ ವರ್ಷ ಹಾಕಿಸಿಕೊಳ್ಳುತ್ತಿರಬೇಕಿತ್ತು. ಕೂಲಿಗೆ ಹೋಗುವವರಿಗೆ ಎರಡು ದಿನ ತೋಳು ಎತ್ತಲಾಗದಿದ್ದರೆ ಎರಡು ದಿನದ ಕೂಲಿ ಹೋಯಿತು. ಮೊದಲ ಡೋಸಿಗೆ ಊರೆಲ್ಲ ಬರುತ್ತಿತ್ತು. ಎರಡನೆಯದಕ್ಕೆ ಅರ್ಧ ಊರು. ಬೂಸ್ಟರ್ ಹೊತ್ತಿಗೆ ನಮ್ಮ ಜೀಪಿನ ಸದ್ದು ಕೇಳಿದರೆ ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಇಳಿಯುತ್ತಿದ್ದರು. ಒಮ್ಮೆ ಒಬ್ಬ ಗಟ್ಟಿಮುಟ್ಟಾದ ಗಂಡಸು ಅಡಿಕೆ ಮರ ಹತ್ತಿ ಕೂತುಬಿಟ್ಟಿದ್ದ. ಕೆಳಗೆ ನಿಂತು ಕರೆದೆವು. ‘ಕೊನೆ ತೆಗೀತಾ ಇದೀನಿ ಸಾರ್’ ಅಂದ. ಕೊಯ್ಲು ಮುಗಿದು ಎರಡು ತಿಂಗಳಾಗಿತ್ತು.

ಈ ಜನರನ್ನು ಒಪ್ಪಿಸಲು ನಾನು ಏನು ಹೇಳುತ್ತಿದ್ದೆ ಗೊತ್ತಾ? ‘ಇದು ಹಾಕಿಸಿಕೊಂಡರೆ ಕಾಯಿಲೆ ಬರಲ್ಲ.’ ಒಂದೇ ಮಾತು. ನೂರಾರು ಮನೆಯಲ್ಲಿ ಹೇಳಿದ್ದೇನೆ.

ಆ ಮಾತು ಸರಿಯಾ? 2005ರಿಂದ 2010ರ ತನಕ ಕರ್ನಾಟಕದಲ್ಲಿ ಈ ಲಸಿಕೆ ಎಷ್ಟು ಕೆಲಸ ಮಾಡಿತು ಅಂತ ಅಧ್ಯಯನ ನಡೆದಿದೆ. ಎರಡು ಡೋಸ್ ಹಾಕಿಸಿಕೊಂಡವರಿಗೆ ಸಿಕ್ಕ ರಕ್ಷಣೆ ಸುಮಾರು ಶೇ 62. ಬೂಸ್ಟರ್ ಕೂಡ ಹಾಕಿಸಿಕೊಂಡವರಿಗೆ ಸುಮಾರು ಶೇ 83. ಅಂದರೆ ಲಸಿಕೆ ಇಲ್ಲದೆ 100 ಜನಕ್ಕೆ ಬರುತ್ತಿದ್ದ ಕಡೆ, ಎರಡು ಡೋಸಿನ ಮೇಲೆ 38 ಜನಕ್ಕೆ ಬರುತ್ತದೆ. ಒಂದೇ ಡೋಸ್ ಹಾಕಿಸಿಕೊಂಡು ಆಯಿತು ಅಂದುಕೊಂಡವರಿಗೆ ನಂಬಿಕೊಳ್ಳುವಂಥದ್ದು ಏನೂ ಇಲ್ಲ. ಮುಂದೆ ಲಸಿಕೆಯ ಶಕ್ತಿಯೇ ಸಾಲದು ಅಂತ ಗೊತ್ತಾಗಿ 2022ರಲ್ಲಿ ಹಾಕುವುದನ್ನೇ ನಿಲ್ಲಿಸಿದರು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ.

ಲಸಿಕೆ ಪೂರ್ತಿ ರಕ್ಷಣೆ ಕೊಡದಿದ್ದದ್ದು ತಪ್ಪಲ್ಲ. ಶೇ 62 ಅಂದರೂ ಎಷ್ಟೋ ಮನೆಯ ದೀಪ ಉಳಿದಿದೆ. ನನಗೆ ಕೊರೆಯುವುದು ಬೇರೆ. ‘ಬರಲ್ಲ’ ಅಂತ ನಾನು ಹೇಳಿದ್ದನ್ನು ನಂಬಿ, ಮೈಗೆ ಉಣುಗು ದೂರ ಇಡುವ ಎಣ್ಣೆ ಹಚ್ಚದೆ ಕಾಡಿಗೆ ಹೋದವರು ಎಷ್ಟು ಜನ? ಲಸಿಕೆ ಆಗಿದೆಯಲ್ಲ, ಇದು ಮಾಮೂಲಿ ಜ್ವರ ಅಂತ ನಾಲ್ಕು ದಿನ ಮನೆಯಲ್ಲೇ ಮಲಗಿದವರು ಎಷ್ಟು ಜನ? ಒಬ್ಬರ ಬಗ್ಗೆ ನನಗೆ ಖಾತ್ರಿ ಗೊತ್ತು. ಅವರ ಅಣ್ಣ ಆಸ್ಪತ್ರೆಯ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ‘ನೀವೇ ಅಲ್ವಾ ಬರಲ್ಲ ಅಂದಿದ್ದು’ ಅಂತ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನಕ್ಕೆ ಮರೆತಿರುತ್ತಿದ್ದೆ.

ಬರುವ ಸಾಧ್ಯತೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಎಣ್ಣೆ ಬಿಡಬೇಡಿ, ಜ್ವರ ಬಂದ ದಿನವೇ ಬನ್ನಿ. ಇಷ್ಟು ಹೇಳಲು ಅರ್ಧ ನಿಮಿಷ ಬೇಕು. ‘ನಮ್ಮ ಜನಕ್ಕೆ ಇದೆಲ್ಲ ಅರ್ಥ ಆಗಲ್ಲ’ ಅಂತ ಜೀಪಿನಲ್ಲಿ ಕೂತು ಮಾತಾಡಿಕೊಳ್ಳುತ್ತಿದ್ದೆವು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಇದು ಅರ್ಥ ಆಗಲ್ವಾ? ಹೊಡೆದರೂ ಕೊಳೆ ಬರಬಹುದು, ಹೊಡೆಯದಿದ್ದರೆ ತೋಟವೇ ಹೋಗಬಹುದು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಎಣ್ಣೆ ಅಂದೆನಲ್ಲ. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ಡೇಪಾ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಬೆವರಿಗೆ ಜಿಗಿಜಿಗಿ, ಅದರ ಮೇಲೆ ದರಕಿನ, ಅಂದರೆ ಕಾಡಿನ ಒಣ ಎಲೆಯ, ಧೂಳು ಮೆತ್ತುತ್ತದೆ. ಹಚ್ಚಿಕೊಂಡು ಒಂದು ದಿನ ದರಕು ಗುಡಿಸಿ ನೋಡಿ, ಆಮೇಲೆ ಜನ ಯಾಕೆ ಹಚ್ಚಲ್ಲ ಅಂತ ಕೇಳಿ. ‘ಕಾಡಿಗೆ ಹೋಗಬೇಡಿ’ ಅನ್ನುವ ಸಲಹೆಯೂ ಇದೆ. ದರಕು ತರದೆ ಕೊಟ್ಟಿಗೆಗೆ ಏನು ಹಾಸುವುದು, ಗೊಬ್ಬರ ಎಲ್ಲಿಂದ, ಒಲೆಗೆ ಏನು? ಪಾಲಿಸಲು ಆಗದ ಸಲಹೆ ಕೊಟ್ಟು, ಕಾಯಿಲೆ ಬಂದ ಮೇಲೆ ‘ಹೇಳಿದ್ದೆವಲ್ಲ’ ಅನ್ನುವುದು ಸುಲಭ. ಗ್ಯಾಸ್ ಮೇಲೆ ಅಡುಗೆ ಮಾಡುವವರು ಬರೆದ ಸಲಹೆ ಅದು.

ಈಗ ಇನ್ನೊಂದು ಕಾಯಿಲೆಗೆ ಬರುತ್ತೇನೆ. ಇದಂತೂ ಇಲ್ಲಿಂದ ಕೂಗಳತೆ ದೂರ.

1975ರ ಸುಮಾರಿಗೆ ಹಂದಿಗೋಡಿನಲ್ಲಿ ಕೆಲವು ಮನೆಗಳ ಜನಕ್ಕೆ ಸೊಂಟದ ಕೀಲು, ಮಂಡಿ ಸವೆದು ಹೋಗುತ್ತಿರುವುದು ಹೊರಗೆ ಗೊತ್ತಾಯಿತು. ಎಳೆಯ ವಯಸ್ಸಿನವರೇ ಬಾಗಿ ನಡೆಯುತ್ತಿದ್ದರು, ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಕೆಲವರಿಗೆ ಮೈ ಬೆಳೆಯುವುದೇ ನಿಂತಿತ್ತು. ಕೊನೆಗೆ ಕೋಲು ಹಿಡಿದು, ಅದೂ ಆಗದವರು ತೆವಳಿಕೊಂಡು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಯ ಬೇರೆ ಊರುಗಳಲ್ಲೂ ಸಿಕ್ಕರು. ಹೆಚ್ಚಾಗಿ ಎರಡು ಸಮುದಾಯಗಳಲ್ಲಿ, ಎರಡೂ ಬಡವರವು. ಪುಸ್ತಕಗಳಲ್ಲಿ ಆ ಸಮುದಾಯಗಳ ಹೆಸರಿದೆ. ನಾನು ವೇದಿಕೆಯ ಮೇಲೆ ಹೇಳುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು. ಆಮೇಲೆ ಒಂದರ ಹಿಂದೆ ಒಂದು ತಂಡ. ಗದ್ದೆಗೆ ಹೊಡೆದ ಔಷಧಿ, ಆ ಗದ್ದೆಯ ಏಡಿ ತಿಂದದ್ದು ಕಾರಣ ಅಂತ ಕೆಲವರು ಅಂದರು. ಊಟ ಸಾಲದ್ದು ಕಾರಣ ಅಂತ ಕೆಲವರು. ಕೊನೆಗೆ ವಂಶವಾಹಿಯ ತಜ್ಞರು ಇದು ರಕ್ತದಲ್ಲೇ ಬರುವಂಥದ್ದು, ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕೆ ಅರ್ಧ ಅಂತ ಹೇಳಿದರು.

ಪ್ರತಿ ತಂಡವೂ ರಕ್ತ ತೆಗೆಯಿತು, ಎಕ್ಸ್‌ರೇ ತೆಗೆಯಿತು, ಫೋಟೊ ತೆಗೆಯಿತು. ಒಂದು ತಂಡದ ಜೊತೆ ನಾನೂ ಸಹಾಯಕ್ಕೆ ಹೋಗಿದ್ದೆ. ಯಾವ ತಂಡ ಅನ್ನುವುದು ಬೇಡ. ಒಂದು ಮನೆಯ ಅಂಗಳದಲ್ಲಿ ನಡುವಯಸ್ಸಿನ ಒಬ್ಬರನ್ನು ನಿಲ್ಲಿಸಿದರು. ಗೋಡೆಗೆ ಅಳತೆಯ ಪಟ್ಟಿ. ಅಂಗಿ ತೆಗೆಯಲು ಹೇಳಿದರು, ತೆಗೆದರು. ಪಂಚೆ ಮೇಲೆತ್ತಲು ಹೇಳಿದರು, ಎತ್ತಿದರು. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ. ಯಾರೂ ಏನೂ ಹೇಳದೆಯೇ ಅವರು ತಾವಾಗಿಯೇ ಮುಂದಿನ ಮಗ್ಗುಲಿಗೆ ತಿರುಗುತ್ತಿದ್ದರು. ಎಷ್ಟು ಸಲ ಆಗಿದ್ದರೆ ಅಷ್ಟು ಅಭ್ಯಾಸ ಆಗಿರಬೇಕು ಹೇಳಿ. ಬಾಗಿಲಿನಲ್ಲಿ ಅವರ ಮಗಳು ನಿಂತಿದ್ದಳು, ಎಂಟೋ ಒಂಬತ್ತೋ ವರ್ಷ. ನನ್ನ ಕೈಯಲ್ಲಿ ಒಪ್ಪಿಗೆ ಪತ್ರದ ಕಟ್ಟು ಇತ್ತು, ಇಂಗ್ಲಿಷಿನಲ್ಲಿ. ನಾನು ಸ್ಟ್ಯಾಂಪ್ ಪ್ಯಾಡ್ ತೆರೆದು ಹಿಡಿದೆ, ಅವರು ಹೆಬ್ಬೆಟ್ಟು ಒತ್ತಿದರು. ಒತ್ತಿದ ಮೇಲೆ ‘ಗುಳಿಗೆ ಏನಾರೂ ಕೊಡ್ತಾರಾ ಅಣ್ಣಾ?’ ಅಂತ ಕೇಳಿದರು. ಪತ್ರದಲ್ಲಿ ಏನು ಬರೆದಿದೆ ಅಂತ ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಸಂಶೋಧನೆ ಬೇಡ ಅಂತ ನಾನು ಹೇಳುತ್ತಿಲ್ಲ. ಸಂಶೋಧನೆ ಇಲ್ಲದಿದ್ದರೆ ಇವತ್ತಿಗೂ ಏಡಿಯನ್ನೇ ಬೈಯುತ್ತಿದ್ದೆವು. ಐಸಿಎಂಆರ್ 2017ರಲ್ಲಿ ಹೊರತಂದ ನೀತಿ ಸೂಚಿಯನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. ಒಪ್ಪಿಗೆಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಬೇಕು, ಬೇಡ ಅನ್ನುವ ಹಕ್ಕಿದೆ ಅಂತ ತಿಳಿಸಬೇಕು, ರಕ್ತವನ್ನು ಮುಂದೆ ಬೇರೆ ಕೆಲಸಕ್ಕೆ ಬಳಸುವುದಾದರೆ ಅದನ್ನೂ ಹೇಳಬೇಕು, ಸಿಕ್ಕ ಲಾಭದಲ್ಲಿ ಆ ಜನಕ್ಕೂ ಪಾಲು ಇರಬೇಕು. ಎಲ್ಲ ಇದೆ ಅದರಲ್ಲಿ. ಆದರೆ ಸ್ಟ್ಯಾಂಪ್ ಪ್ಯಾಡ್ ಹಿಡಿದುಕೊಂಡು ನಿಲ್ಲುವವನ ಕೈಗೆ ಆ ಪುಸ್ತಕ ಬರುವುದಿಲ್ಲ. ನನಗೆ ಸಿಕ್ಕಿದ್ದು ರಿಟೈರ್ ಆದ ಮೇಲೆ, ಮಗ ಮೊಬೈಲಿನಲ್ಲಿ ಇಳಿಸಿಕೊಟ್ಟಾಗ.

ಇದು ನಮ್ಮೂರಿನದ್ದೇ ಕಥೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಅಂತ ದೊಡ್ಡ ಕಣಿವೆ ಇದೆ. ಅಲ್ಲಿ ಹವಾಸುಪಾಯ್ ಅನ್ನುವ ಮೂಲನಿವಾಸಿಗಳು. ಅವರಲ್ಲಿ ಸಕ್ಕರೆ ಕಾಯಿಲೆ ಬಹಳ ಜಾಸ್ತಿ. 1990ರಿಂದ ಅರಿಜೋನಾದ ಒಂದು ವಿಶ್ವವಿದ್ಯಾಲಯದವರು ರಕ್ತ ತೆಗೆದುಕೊಂಡು ಹೋದರು. ಸಕ್ಕರೆ ಕಾಯಿಲೆಗೆ ಅಂತ ಇವರು ಕೊಟ್ಟರು. ಆಮೇಲೆ ಅದೇ ರಕ್ತದಲ್ಲಿ ಮನೋರೋಗ, ಒಳಸಂಬಂಧದ ಮದುವೆ, ಇವರ ಪೂರ್ವಜರು ಎಲ್ಲಿಂದ ಬಂದರು, ಇದೆಲ್ಲ ನೋಡಿದ್ದು ಗೊತ್ತಾಯಿತು. ಆ ಕಣಿವೆಯಲ್ಲೇ ನಾವು ಹುಟ್ಟಿದವರು ಅನ್ನುವುದು ಅವರ ನಂಬಿಕೆ. ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಯಿತು. 41 ಜನಕ್ಕೆ ಒಟ್ಟು 7 ಲಕ್ಷ ಡಾಲರ್ ಸಿಕ್ಕಿತು. ಅದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು, ಅವರು ತಮ್ಮ ರಕ್ತವನ್ನು ವಾಪಸ್ ಕೇಳಿ ಪಡೆದರು. ರಕ್ತ ವಾಪಸ್ ಕೇಳಬಹುದು ಅಂತ ಓದಿದ ದಿನ ನಾನು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ನಾನು ತೆಗೆದ ರಕ್ತವೆಲ್ಲ ಈಗ ಎಲ್ಲಿದೆ?

ಹಂದಿಗೋಡು ಕಾಯಿಲೆಗೆ ವಾಪಸ್ ಬರುತ್ತೇನೆ, ಇನ್ನೂ ಒಂದು ಗಂಟು ಬಾಕಿ ಇದೆ. ಇದು ವಂಶದಲ್ಲಿ ಬರುವ ಕಾಯಿಲೆ ಅಂತ ಉತ್ತರ ಸಿಕ್ಕಿತಲ್ಲ, ಆ ಉತ್ತರವನ್ನು ಯಾರಿಗೆ ಹೇಳಬೇಕು?

ಒಂದು ಸಾಯಂಕಾಲ ಹೆಣ್ಣಿನ ಕಡೆಯ ಒಬ್ಬರು ನನ್ನ ಮನೆಗೆ ಬಂದರು. ಮಗಳಿಗೆ ಒಂದು ಸಂಬಂಧ ಬಂದಿದೆ, ಹುಡುಗ ಒಳ್ಳೆಯವನು, ‘ಅವರ ಮನೇಲಿ ಆ ಕಾಯಿಲೆ ಇದೆಯಾ, ನಿಮಗೆ ಗೊತ್ತಿರತ್ತೆ’ ಅಂದರು. ನನಗೆ ಗೊತ್ತಿತ್ತು. ಹುಡುಗನ ಚಿಕ್ಕಪ್ಪನ ರಕ್ತ ನಾನೇ ತೆಗೆದಿದ್ದೆ. ಹೇಳಿದರೆ ನನ್ನನ್ನು ನಂಬಿ ಕೈ ಚಾಚಿದ ಮನುಷ್ಯನಿಗೆ ಮೋಸ. ಹೇಳದಿದ್ದರೆ ಎದುರು ಕೂತ ತಂದೆಗೆ ಮೋಸ. ನಾನು ‘ಅವರ ಹತ್ತಿರವೇ ಕೇಳಿ, ಮುಚ್ಚಿಡುವ ಜನ ಅಲ್ಲ ಅವರು’ ಅಂದೆ. ಅವರು ನನ್ನ ಮುಖ ನೋಡಿದರು. ಕಾಫಿ ಅರ್ಧಕ್ಕೆ ಬಿಟ್ಟು ಎದ್ದರು. ಸಂಬಂಧ ಮುರಿಯಿತು. ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ಮುಖ ಹೇಳಿತ್ತು. ಹುಡುಗನಲ್ಲಿ ಕಾಯಿಲೆ ಇತ್ತಾ? ಇರಲಿಲ್ಲ. ಈಗ ಅವನಿಗೆ ನಲವತ್ತೈದು ಆಗಿರಬೇಕು, ನೆಟ್ಟಗೆ ನಡೆಯುತ್ತಾನೆ, ಬೈಕಿನಲ್ಲಿ ಪೇಟೆಗೆ ಬರುತ್ತಾನೆ. ನನಗೆ ನಮಸ್ಕಾರ ಮಾಡುತ್ತಾನೆ. ಅವನಿಗೆ ಗೊತ್ತಿಲ್ಲ.

ಆ ದಿನ ಏನು ಮಾಡಬೇಕಿತ್ತು ಅಂತ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಇಷ್ಟು ಮಾತ್ರ ಗೊತ್ತು. ಆ ಹುಡುಗನನ್ನೇ ಮೊದಲು ಕೂರಿಸಿ ‘ನಿನ್ನ ಮನೆಯ ಕಾಯಿಲೆ ಹೀಗೆ, ನಿನಗೆ ಇರಬಹುದು, ಇಲ್ಲದಿರಬಹುದು’ ಅಂತ ಯಾರಾದರೂ ಹೇಳಿದ್ದರೆ, ಆ ಮಾತನ್ನು ಹೆಣ್ಣಿನ ಮನೆಯವರಿಗೆ ಹೇಳುವ ಹಕ್ಕು ಅವನ ಕೈಯಲ್ಲಿರುತ್ತಿತ್ತು. ಉತ್ತರ ಮೊದಲು ರಕ್ತ ಕೊಟ್ಟವನ ಮನೆಗೆ ಹೋಗಲಿಲ್ಲ. ಹಾಗಾಗಿ ಬೇರೆಯವರು ನನ್ನ ಮನೆಗೆ ಬಂದರು.

ಈಗ ಕಾಲ ಬದಲಾಗಿದೆ, ವರದಿ ಒಂದೆರಡು ದಿನದಲ್ಲಿ ಬರುತ್ತದೆ ಅನ್ನುತ್ತೀರಿ. ಹೌದು. ಹಿಂದೆ ಎಳೆಯ ಇಲಿಮರಿಗಳಿಗೆ ಚುಚ್ಚಿ ಅವು ಸಾಯುತ್ತವೆಯೇ ಅಂತ ಕಾಯಬೇಕಿತ್ತು. ಈಗ ಶಿವಮೊಗ್ಗದಲ್ಲೇ ಪಿಸಿಆರ್ ಆಗುತ್ತದೆ. ಆದರೆ ಬೇಗ ಬಂದ ವರದಿ ಬೇರೆ ಕಡೆಗೂ ಬೇಗ ಹೋಗುತ್ತದೆ. 2018ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಕಾಯಿಲೆ ಎದ್ದಾಗ ನೆನಪಿದೆಯಲ್ಲ, ಎಷ್ಟು ಜನ ಹೋದರು. ಆಗ ಸರ್ವಿಸಿನ ಕೊನೆಯ ದಿನಗಳಲ್ಲಿದ್ದೆ. ಅದೇ ಸಮಯದಲ್ಲಿ ಬೇರೊಂದು ಊರಿನ ಒಬ್ಬರ ವರದಿಯ ಫೋಟೊ, ಹೆಸರು, ವಯಸ್ಸು, ಮನೆತನದ ಸಮೇತ, ನನ್ನ ಮೊಬೈಲಿಗೆ ಮೂರು ವಾಟ್ಸ್ಆ್ಯಪ್ ಗುಂಪಿನಿಂದ ಬಂತು. ಒಂದು ಅಡಿಕೆ ದರದ ಗುಂಪು. ರೋಗಿಯ ಮನೆಯವರಿಗೆ ವರದಿ ಮುಟ್ಟಿದ್ದು ಅದಾದ ಮಾರನೇ ದಿನ. ಆ ಊರಿಗೆ ಆ ವರ್ಷ ಜಾತ್ರೆಗೂ ನೆಂಟರು ಬರಲಿಲ್ಲ.

ನಾನು ಇಷ್ಟು ಹೇಳಿ ಕೂರುವವನಿದ್ದೆ. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು. ‘ಸಾರ್, ಎಲ್ಲಾ ನಿಜ ಹೇಳಿದ್ರೆ ಯಾರೂ ಲಸಿಕೆನೇ ಹಾಕಿಸ್ಕೊಳಲ್ಲ, ಆಗ ಸಾವು ಜಾಸ್ತಿ ಆದ್ರೆ?’ ಒಳ್ಳೆಯ ಪ್ರಶ್ನೆ, ಸುಲಭದ ಉತ್ತರ ಇಲ್ಲ. ಕೆಲವರು ಹಾಕಿಸಿಕೊಳ್ಳದೇ ಇರಬಹುದು. ಆದರೆ ಒಮ್ಮೆ ಸುಳ್ಳು ಸಿಕ್ಕಿಬಿದ್ದ ಊರಿನಲ್ಲಿ ಮುಂದಿನ ಲಸಿಕೆಗೆ ಬಾಗಿಲು ತೆಗೆಯುವುದಿಲ್ಲ. ಕೋವಿಡ್ ಲಸಿಕೆ ಬಂದಾಗ ಕಾಡಂಚಿನ ಕೆಲವು ಮನೆಗಳಲ್ಲಿ ‘ಮಂಗನ ಕಾಯ್ಲೆದೂ ಹಿಂಗೇ ಅಂದಿದ್ರಿ’ ಅಂತ ನಮ್ಮವರಿಗೆ ಹೇಳಿದ್ದರಂತೆ. ನಾಳೆ ಹೊಸ ಲಸಿಕೆ ಬಂದಾಗ ಅದೇ ಜಗಲಿಗಳಿಗೆ ನೀವು ಹೋಗಬೇಕು, ನಾನಲ್ಲ. ಹಾಗಾಗಿ ನೀವೇ ಯೋಚನೆ ಮಾಡಿ ಅಂದೆ.

ಆಮೇಲೆ ಆಶಾ ಕಾರ್ಯಕರ್ತೆ ಒಬ್ಬರು ಎದ್ದರು. ‘ಹೇಳ್ಬೇಕು ಅಂತೀರಿ ಸಾರ್, ನಮಗೆ ಯಾರು ಹೇಳ್ತಾರೆ? ಮೊಬೈಲಿಗೆ ವರದಿ ಬರತ್ತೆ, ಇಂಗ್ಲಿಷಲ್ಲಿ. ಹೋದ ವರ್ಷ ನಮ್ಮತ್ತೆಗೇ ಜ್ವರ ಬಂದಿತ್ತು. ನಾನು ಮನೇಲಿ ಇರ್ಲಿಲ್ಲ, ಶಿವಮೊಗ್ಗದಲ್ಲಿ ಮೀಟಿಂಗ್. ಪಕ್ಕದ ಮನೆ ಹುಡುಗ ಓದಿ ನೆಗೆಟಿವ್ ಅಂತ ಹೇಳಿದ್ನಂತೆ.’

ಸಭೆಯಲ್ಲಿ ಒಂದಿಬ್ಬರು ನಗಲು ಶುರು ಮಾಡಿದರು, ಮುಂದೇನು ಅಂತ ಅವರಿಗೆ ಗೊತ್ತಿತ್ತು.

‘ನೆಗೆಟಿವ್ ಅಂದ್ರೆ ಕೆಟ್ಟದ್ದು ಅಂದ್ಕೊಂಡ್ರು ಸಾರ್ ನಮ್ಮತ್ತೆ. ಎರಡು ದಿನ ಊಟ ಬಿಟ್ಟಿದ್ರು. ನಾನು ಬರೋ ಹೊತ್ತಿಗೆ ಕಿವಿಯ ಓಲೆ ಬಿಚ್ಚಿ, ಕರ್ಚೀಫಲ್ಲಿ ಕಟ್ಟಿ, ಮೊಮ್ಮಗಳ ಹೆಸ್ರಿಗೆ ಅಂತ ದೇವರ ಗೂಡಲ್ಲಿ ಇಟ್ಟಿದ್ರು.’